ಜಗಲಿಗೆ ಸ್ಪೀಕರ್ ಆರಿಸುವಾಗ ವ್ಯಾಟ್ ಕೊನೆಗೆ ನೋಡಿ

ಮಾನ್ಯ ಸಂಪಾದಕರೇ,

ದೀಪಾವಳಿಯ ಮಾರಾಟದ ಕಾಲಕ್ಕೆಂದು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ, ಮನೆಯ ಜಗಲಿಗೂ ಸಿಟೌಟ್‌ಗೂ ಹೊಂದುವ ಸ್ಪೀಕರುಗಳನ್ನು ಪರಿಚಯಿಸುವ ಲೇಖನವನ್ನು ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ. ಆ ಮಟ್ಟಿಗೆ ಲೇಖಕರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಲೇಖನದ ಜೊತೆಗಿದ್ದ ಕೋಷ್ಟಕದಲ್ಲಿ ಸ್ಪೀಕರುಗಳನ್ನು ವ್ಯಾಟ್‌ನ ಏರಿಕೆಯ ಕ್ರಮದಲ್ಲಿ ಜೋಡಿಸಿ, ವ್ಯಾಟ್ ಹೆಚ್ಚಿದ್ದಷ್ಟೂ ಹೆಚ್ಚು ನಕ್ಷತ್ರಗಳನ್ನು ಕೊಟ್ಟಿರುವುದನ್ನು ಕಂಡು ಈ ಪತ್ರ ಬರೆಯಬೇಕೆನಿಸಿತು. ಜಗಲಿಯ ಮಟ್ಟಿಗೆ ವ್ಯಾಟ್ ಎಂಬುದು ನೋಡಬೇಕಾದ ಸಂಗತಿಗಳಲ್ಲಿ ಬಹುಶಃ ಕೊನೆಯದು. ಮೊದಲು ನೋಡಬೇಕಾದವು ಎರಡು ಅಳತೆಗಳು: ಸ್ಪೀಕರಿನಿಂದ ನಾವು ಕೂರುವ ಕುರ್ಚಿ ಎಷ್ಟು ದೂರ, ಮತ್ತು ಅದೇ ಸ್ಪೀಕರಿನಿಂದ ಪಕ್ಕದ ಮನೆಯ ಬೇಲಿ ಎಷ್ಟು ದೂರ.

ಇದರ ಲೆಕ್ಕ ಕಷ್ಟದ್ದೇನಲ್ಲ. ಒಂದು ಸ್ಪೀಕರಿಗೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬುದನ್ನು ಒಳ್ಳೆಯ ತಯಾರಕರು ಸೆನ್ಸಿಟಿವಿಟಿ ಎಂಬ ಹೆಸರಿನಲ್ಲಿ ತಿಳಿಸುತ್ತಾರೆ. ಮನೆಬಳಕೆಯ ಸಾಧಾರಣ ಸ್ಪೀಕರುಗಳಲ್ಲಿ ಇದು 85ರಿಂದ 90ರ ಆಸುಪಾಸಿನಲ್ಲಿರುತ್ತದೆ. 88 ಎಂದು ಇಟ್ಟುಕೊಳ್ಳೋಣ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ 1 ವ್ಯಾಟಿಗೆ 2 ಮೀಟರ್ ದೂರದಲ್ಲಿ 82, 4 ಮೀಟರಿನಲ್ಲಿ 76, 8 ಮೀಟರಿನಲ್ಲಿ 70 ಡೆಸಿಬಲ್ ಉಳಿಯುತ್ತದೆ. ಈಗ ಕಾನೂನಿನ ಕಡೆ ನೋಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ ಸರಾಸರಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಗಿನ 6ರವರೆಗಿನ ಮಿತಿ 45 ಡೆಸಿಬಲ್. ಖಾಸಗಿ ಮನೆಯ ಧ್ವನಿ ಉಪಕರಣದ ಸದ್ದು ಆ ಮನೆಯ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಎಂದರೆ ಹಗಲಿನಲ್ಲಿ ನಮ್ಮ ಕಾಂಪೌಂಡಿನ ಬಳಿ 60 ಡೆಸಿಬಲ್‌ಗೆ ನಮ್ಮ ಹಕ್ಕು ಮುಗಿಯಿತು.

ಬೇಲಿ 8 ಮೀಟರ್ ದೂರದಲ್ಲಿದ್ದರೆ, ಮೇಲೆ ಹೇಳಿದ ಸ್ಪೀಕರಿಗೆ 1 ವ್ಯಾಟ್ ಕೊಟ್ಟಾಗಲೇ ಈ ಮಿತಿಯನ್ನು 10 ಡೆಸಿಬಲ್ ದಾಟಿರುತ್ತೇವೆ. ಪ್ರತಿ 10 ಡೆಸಿಬಲ್‌ಗೆ ಶಕ್ತಿ ಹತ್ತು ಪಟ್ಟು ಬದಲಾಗುವುದರಿಂದ, ಮಿತಿಯೊಳಗೆ ಬರಲು ಅದಕ್ಕೆ ಕೊಡಬಹುದಾದದ್ದು ವ್ಯಾಟಿನ ಹತ್ತನೆಯ ಒಂದು ಭಾಗ ಮಾತ್ರ! ಅಷ್ಟರಿಂದ ಕೇಳುವವರಿಗೆ ಏನು ಸಿಗುತ್ತದೆ ಎಂಬ ಅನುಮಾನ ಬರಬಹುದು. 2 ಮೀಟರ್ ದೂರದ ಕುರ್ಚಿಗೆ 72 ಡೆಸಿಬಲ್ ಸಿಗುತ್ತದೆ. ಎದುರು ಕೂತವರೊಡನೆ ಆಡುವ ಸಾಧಾರಣ ಮಾತು 60ರ ಆಸುಪಾಸಿನದು ಎಂಬುದನ್ನು ನೆನಪಿಟ್ಟುಕೊಂಡರೆ, 72 ಎಂಬುದು ಸಂಗೀತಕ್ಕೆ ಧಾರಾಳವಾಯಿತು. ಸಂಗೀತದಲ್ಲಿ ಸರಾಸರಿಗಿಂತ ಥಟ್ಟನೆ ಮೇಲೇರುವ ಪೆಟ್ಟುಗಳಿರುತ್ತವೆ, ಅದರಲ್ಲೂ ಯಕ್ಷಗಾನದ ಚೆಂಡೆಯಂಥ ವಾದ್ಯಕ್ಕೆ ಈ ಏರಿಳಿತ ಹೆಚ್ಚು. ಅವು ಒಡೆದು ಕೇಳದಿರಲು 20 ಡೆಸಿಬಲ್‌ನಷ್ಟು ಮೀಸಲು ಬೇಕೆಂದರೂ ಅದಕ್ಕೆ ಬೇಕಾದದ್ದು ಅದರ ನೂರು ಪಟ್ಟು, ಅಂದರೆ 10 ವ್ಯಾಟ್. ಇನ್ನೂ ಧಾರಾಳ ಮಾಡಿ ಒಂದು ಬದಿಗೆ 20 ವ್ಯಾಟ್ ಇಟ್ಟುಕೊಂಡರೆ ಯಾವ ಜಗಲಿಗೂ ಕೊರತೆಯಾಗುವುದಿಲ್ಲ. ತಮ್ಮ ಕೋಷ್ಟಕದಲ್ಲಿ ಐದು ನಕ್ಷತ್ರ ಪಡೆದ ಪೆಟ್ಟಿಗೆಯ ಅಂಕಿ ಇದರ ಹತ್ತು ಪಟ್ಟಿಗೂ ಹೆಚ್ಚಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿಯ ಪ್ರೇಷಕ 30 ವ್ಯಾಟಿನದಾಗಿತ್ತು. ರೇಡಿಯೋ ಪ್ರೇಷಕದ ವ್ಯಾಟಿಗೂ ಸ್ಪೀಕರಿನ ವ್ಯಾಟಿಗೂ ಹೋಲಿಕೆ ಸಲ್ಲದೆಂಬುದು ನನಗೂ ಗೊತ್ತು. ಆದರೂ ಅಂಗಡಿಯ ಪೆಟ್ಟಿಗೆಗಳ ಮೇಲಿನ ಅಂಕಿಗಳನ್ನು ನೋಡಿದಾಗ ಆ 30 ನೆನಪಾಗದೆ ಇರುವುದಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಯಾದರೂ ನಿಜವೇ ಎಂಬುದು ಬೇರೆ ಪ್ರಶ್ನೆ. ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು ಆರ್‌ಎಂಎಸ್ ಎಂದು ನಮೂದಿಸುತ್ತಾರೆ. ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರಗಳಲ್ಲಿ ಅಚ್ಚಾಗುವ ಸಂಖ್ಯೆಗೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ. ಪುರವಣಿಯ ಕೋಷ್ಟಕದಲ್ಲಿ ಎರಡು ಬಗೆಯ ಅಂಕಿಗಳೂ ಒಂದೇ ಸಾಲಿನಲ್ಲಿ ಬೆರೆತಿದ್ದವು. ಅಲ್ಲದೆ, ಶಕ್ತಿಯನ್ನು ಇಮ್ಮಡಿ ಮಾಡಿದರೆ ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರಲು ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 40 ವ್ಯಾಟಿನದಕ್ಕಿಂತ 80 ವ್ಯಾಟಿನದು ಎರಡರಷ್ಟು ಜೋರು ಎಂದು ನಂಬಿ ಹೆಚ್ಚಿನ ಹಣ ಕೊಡುವವರಿಗೆ ಈ ಒಂದು ವಾಕ್ಯವನ್ನಾದರೂ ಲೇಖನ ತಿಳಿಸಬಹುದಿತ್ತು.

ಹಾಗಾದರೆ ಎಲ್ಲಿ ಇಡಬೇಕು? ನಮ್ಮ ಮಲೆನಾಡಿನ ಜಗಲಿ ಸಾಮಾನ್ಯವಾಗಿ ಉದ್ದಕ್ಕೆ ಹರಡಿಕೊಂಡು, ಅಗಲ ಕಡಿಮೆಯಾಗಿ, ಹಿಂದೆ ಮನೆಯ ಗೋಡೆ, ಮುಂದೆ ಕಂಬಗಳ ಸಾಲು, ಆಚೆಗೆ ಅಂಗಳ ಎಂಬಂತಿರುತ್ತದೆ. ಹೆಚ್ಚಿನವರು ಮಾಡುವುದೇನೆಂದರೆ ಬಾಗಿಲಿನ ಮೇಲ್ಗಡೆ, ಮನೆಯ ಗೋಡೆಗೆ, ಅಂಗಳಕ್ಕೆ ಮುಖಮಾಡಿ ಸ್ಪೀಕರನ್ನು ಹೊಡೆದು ನಿಲ್ಲಿಸುವುದು. ನೋಡಲು ಅದು ಲಕ್ಷಣವಾಗಿಯೇ ಕಾಣುತ್ತದೆ. ಆದರೆ ಹಾಡು ಕೂತವರ ತಲೆಯ ಮೇಲಿಂದ ಹಾದು ಅಂಗಳ ದಾಟಿ, ರಸ್ತೆಯಾಚೆಯ ಮನೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆ; ಮನೆಯವರಿಗೆ ಅಸ್ಪಷ್ಟವೆನಿಸಿ ಅವರು ಇನ್ನಷ್ಟು ಏರಿಸುತ್ತಾರೆ. ಜಗಲಿಯ ಎರಡು ಕೊನೆಗಳಲ್ಲಿ, ಜಗಲಿಯ ಉದ್ದಕ್ಕೆ ಮುಖಮಾಡಿ, ಸ್ವಲ್ಪ ಕೆಳಕ್ಕೆ ಬಾಗಿಸಿ ಒಂದೊಂದು ಚಿಕ್ಕ ಸ್ಪೀಕರ್ ಇಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕಂಬದ ಒಳಮೈಗೆ, ಮನೆಯ ಗೋಡೆಯತ್ತ ಮುಖಮಾಡಿ ಕೂರಿಸುವುದು ಸದ್ದಿನ ದೃಷ್ಟಿಯಿಂದ ಇನ್ನೂ ಉತ್ತಮ. ಆದರೆ ಕಂಬದ ಸಾಲಿಗೆ ಮಳೆಯ ಎರಚಲು ನೇರವಾಗಿ ಬಡಿಯುವುದರಿಂದ ಆ ಜಾಗ ಎಲ್ಲ ಮನೆಗೂ ಒಗ್ಗುವುದಿಲ್ಲ.

ಎರಡು ಚಿಕ್ಕವು ಎಂದದ್ದಕ್ಕೂ ಕಾರಣವಿದೆ. ಜಗಲಿಯ ಒಂದು ತುದಿಯಲ್ಲಿ ಒಂದೇ ದೊಡ್ಡ ಪೆಟ್ಟಿಗೆ ಇಟ್ಟರೆ ಅದರಿಂದ 1 ಮೀಟರ್ ದೂರದಲ್ಲಿ ಕೂತವರಿಗೂ 6 ಮೀಟರ್ ದೂರದಲ್ಲಿ ಕೂತವರಿಗೂ ಸುಮಾರು 15 ಡೆಸಿಬಲ್ ಅಂತರ ಬೀಳುತ್ತದೆ. ಹತ್ತಿರದವರು ಕಿವಿ ಮುಚ್ಚಿಕೊಳ್ಳುತ್ತಾರೆ, ದೂರದವರು ಏರಿಸಲು ಹೇಳುತ್ತಾರೆ, ಜಗಳ ಬೇಲಿಯವರೆಗೆ ಹೋಗುವ ಮೊದಲೇ ಮನೆಯೊಳಗೆ ಶುರುವಾಗುತ್ತದೆ. ವಯಸ್ಸಾದವರ ಕಿವಿಗೆ ಮೊದಲು ಕೈಕೊಡುವುದು ಮೇಲಿನ ಸ್ವರಗಳು. ಹಾಗಾಗಿ ಅಕ್ಷರಗಳ ಅಂಚು ಅವರಿಗೆ ತಿಳಿಯದೆ, ಇಡೀ ಪೆಟ್ಟಿಗೆಯನ್ನೇ ಜೋರು ಮಾಡಿಸುತ್ತಾರೆ. ಅವರ ಆರಾಮಕುರ್ಚಿಯ ಪಕ್ಕಕ್ಕೇ ಒಂದು ಸಣ್ಣ ಸ್ಪೀಕರ್ ಇಟ್ಟುಕೊಡುವುದು ಎಷ್ಟೇ ವ್ಯಾಟಿನ ದೊಡ್ಡ ಪೆಟ್ಟಿಗೆಗಿಂತಲೂ ಹೆಚ್ಚು ಉಪಕಾರ.

ಬೆಂಗಳೂರಿನ 30‍×40 ನಿವೇಶನದ ಮನೆಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಸಿಟೌಟಿನಿಂದ ಪಕ್ಕದ ಮನೆಯ ಕಿಟಕಿ 3 ಮೀಟರ್ ಇದ್ದರೆ ಅದೇ ಭಾಗ್ಯ. ಸ್ಪೀಕರನ್ನು ಕಿವಿಯಿಂದ 1 ಮೀಟರ್ ಒಳಗೆ, ಟೀಪಾಯಿಯ ಮೇಲೆ ತಂದಿಟ್ಟುಕೊಂಡರೆ ನಮಗೆ 70 ಡೆಸಿಬಲ್ ಕೇಳುವಾಗ ಅವರ ಕಿಟಕಿಗೆ 60ರಷ್ಟು ಮುಟ್ಟುತ್ತದೆ. ಅದನ್ನೇ ಗೋಡೆಯ ಮೇಲೆ, ನಮಗೂ ಅವರಿಗೂ ಸಮ ದೂರದಲ್ಲಿ ತೂಗುಹಾಕಿದರೆ ನಾವು ಕೇಳಿದಷ್ಟನ್ನೇ ಅವರೂ ಕೇಳಬೇಕಾಗುತ್ತದೆ. ಉಪಕರಣ ಎಷ್ಟೇ ಬೆಲೆಬಾಳಿದರೂ ಈ ಅನುಪಾತವನ್ನು ಅದು ಬದಲಿಸಲಾರದು.

ಮಂದ್ರ ಸ್ವರಗಳಿಗೆಂದೇ ಇರುವ ಸಬ್‌ವೂಫರ್ ಎಂಬ ಸ್ಪೀಕರಿನ ಬಗ್ಗೆ ಲೇಖನದಲ್ಲಿ ಒಂದು ಪ್ಯಾರಾವನ್ನೇ ಮೀಸಲಿಡಲಾಗಿತ್ತು. ಜಗಲಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮಂದ್ರ ಸ್ವರದ ಅಲೆಗಳು ಉದ್ದವಾದವು. ಗೋಡೆ, ಕಿಟಕಿ ಅವುಗಳನ್ನು ತಡೆಯುವುದು ಕಡಿಮೆ. ಹಾಡಿನ ಸಾಹಿತ್ಯ ಪಕ್ಕದ ಮನೆಗೆ ಕೇಳದಿದ್ದರೂ ಧಿಂ ಧಿಂ ಎಂಬ ಗುದ್ದು ಮಾತ್ರ ಅಲ್ಲಿನ ಮಲಗುವ ಕೋಣೆಯವರೆಗೆ ಹೋಗುತ್ತದೆ. ನಿಧಾನ ಸದ್ದಿನಲ್ಲಿ ಮಂದ್ರ ಸಪ್ಪೆಯೆನಿಸುವುದು ನಿಜ. ಕಿವಿಯ ಸ್ವಭಾವವೇ ಹಾಗೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ: ಸದ್ದು ಇಳಿದಂತೆಲ್ಲ ಕೆಳಗಿನ ಸ್ವರಗಳಿಗೆ ನಮ್ಮ ಕಿವಿ ಹೆಚ್ಚು ಮಂದವಾಗುತ್ತದೆ. ಇದಕ್ಕೆಂದೇ ಹಳೆಯ ಆಂಪ್ಲಿಫೈಯರುಗಳಲ್ಲಿ ಲೌಡ್‌ನೆಸ್ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತಿ, ಅಥವಾ ಬಾಸ್ ತಿರುಗಣೆಯನ್ನು ತುಸು ಏರಿಸಿ, ಸ್ಪೀಕರನ್ನು ಮಾಡಿನ ಕೆಳಗಿನ ಮೂಲೆಗೆ ಸರಿಸಿದರೆ ಗೋಡೆ ಮತ್ತು ಮಾಡುಗಳೇ ಮಂದ್ರವನ್ನು ಎತ್ತಿಕೊಡುತ್ತವೆ. ಅಷ್ಟು ಸಾಕು.

ಇನ್ನು ಸ್ಟೀರಿಯೋ. ಕೋಣೆಯ ನಡುವೆ ಒಂದೇ ಕುರ್ಚಿಯಲ್ಲಿ ಕೂತು ಕೇಳುವವರಿಗೆ ಎಡ-ಬಲಗಳ ಸೊಗಸು ಗೊತ್ತಾಗುತ್ತದೆ. ಜಗಲಿಯಲ್ಲಿ ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ತೂಗುಮಣೆಯ ಮೇಲೆ, ಮತ್ತೊಬ್ಬರು ಅಡಕೆ ಸುಲಿಯುತ್ತ ಕೊನೆಯಲ್ಲಿ ಕೂತಿರುವಾಗ, ಹಳೆಯ ಕೆಲವು ಧ್ವನಿಮುದ್ರಣಗಳಲ್ಲಿ ಎಡಕ್ಕೆ ಹಾಡು, ಬಲಕ್ಕೆ ವಾದ್ಯ ಹಂಚಿಹೋಗಿ, ಒಬ್ಬರಿಗೆ ಹಾಡುಗಾರರೂ ಇನ್ನೊಬ್ಬರಿಗೆ ತಬಲಾದವರೂ ಮಾತ್ರ ಸಿಗುತ್ತಾರೆ. ಆದ್ದರಿಂದ ಎಡ-ಬಲ ಎರಡನ್ನೂ ಬೆರೆಸಿ ಒಂದೇ ಸದ್ದಾಗಿ ಕೊಡುವ ಮೋನೋ ಸೌಲಭ್ಯವಿರುವ ಆಂಪ್ಲಿಫೈಯರನ್ನು ಕೇಳಿ ಪಡೆಯುವುದು ಒಳಿತು. ಹೆಚ್ಚಿನ ಮೊಬೈಲುಗಳ ಸೆಟ್ಟಿಂಗ್‌ನಲ್ಲೂ ಮೋನೋ ಆಯ್ಕೆ ಇರುತ್ತದೆ. ಆಂಪ್ಲಿಫೈಯರಿನ ಎಡ ಮತ್ತು ಬಲದ ಹೊರತಂತಿಗಳನ್ನು ಒಟ್ಟಿಗೆ ಕಟ್ಟಿ ಮೋನೋ ಮಾಡಲು ಮಾತ್ರ ಯಾರೂ ಹೋಗಬಾರದು, ಅದು ಸುಡುತ್ತದೆ.

ಮಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಸ್ಪೀಕರಿನ ಆಯುಸ್ಸನ್ನು ನಿರ್ಧರಿಸುವುದು ಇದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಸುತ್ತಲಿನ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯ ಮೇಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪುರವಣಿಯ ಲೇಖನ "ವಾಟರ್‌ಪ್ರೂಫ್" ಎಂಬ ಒಂದೇ ಮಾತಿನಲ್ಲಿ ಇದನ್ನು ಮುಗಿಸಿದೆ. ಉಪಕರಣದ ಮೇಲೆ ಐಪಿ ಎಂಬ ಅಕ್ಷರಗಳ ಮುಂದೆ ಬರುವ ಎರಡು ಅಂಕಿಗಳಲ್ಲಿ ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನ ಎರಚಲನ್ನು ತಡೆದೀತು, ಧೂಳಿನ ಪರೀಕ್ಷೆಯ ಮಾತಿಲ್ಲ. ಐಪಿ65 ಎಂದರೆ ಧೂಳು ಒಳಹೋಗದು, ಕೊಳವೆಯಿಂದ ಚಿಮ್ಮಿಸಿದ ನೀರನ್ನೂ ತಾಳೀತು. ಐಪಿ67 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಒಳಗೆ ಹಾನಿಯಾಗದು. ಜಗಲಿಯ ಮಾಡಿನ ಕೆಳಗೆ ಮುಳುಗುವ ಪ್ರಸಂಗ ಬರುವುದಿಲ್ಲವಾದ್ದರಿಂದ ಎರಚಲು ಮತ್ತು ಧೂಳು ಎರಡನ್ನೂ ತಡೆಯುವ ಐಪಿ55 ಅಥವಾ ಐಪಿ65 ಇದ್ದರೆ ತೃಪ್ತಿಪಡಬಹುದು.

ಆದರೆ ಈ ಅಂಕಿಗಳನ್ನು ಕೊಡುವುದು ಸಿಹಿನೀರಿನ, ಅಲ್ಪಕಾಲದ ಪರೀಕ್ಷೆಯ ಮೇಲೆ. ತಿಂಗಳುಗಟ್ಟಲೆ ಗಾಳಿಯಲ್ಲಿ ನಿಂತಿರುವ ತೇವ, ಕಾರವಾರ–ಉಡುಪಿ–ಮಂಗಳೂರಿನ ಕಡಲಗಾಳಿಯ ಉಪ್ಪು, ಬೇಸಿಗೆಯ ಬಿಸಿಲು, ಇವು ಯಾವುವೂ ಆ ಪರೀಕ್ಷೆಯಲ್ಲಿ ಬರುವುದಿಲ್ಲ. ಅದಕ್ಕೆ ವಸ್ತುವನ್ನೇ ನೋಡಬೇಕು. ಸ್ಪೀಕರಿನಲ್ಲಿ ಕಂಪಿಸಿ ಸದ್ದು ಹೊರಡಿಸುವ ಕೋನ್ ಕಾಗದದ್ದಾದರೆ ತೇವ ಹೀರಿ ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕೋನ್ ಹೀರುವುದಿಲ್ಲ. ಕೋನಿನ ಅಂಚಿಗೆ ಸ್ಪಂಜಿನಂಥ ಫೋಮ್ ಇದ್ದರೆ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ರಬ್ಬರ್ ಬಾಳಿಕೆ ಬರುತ್ತದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಪೆಟ್ಟಿಗೆಯ ಮೂಲೆಗಳು ಊದಿಕೊಂಡು ಬಾಯಿಬಿಡುತ್ತವೆ. ಬಿಸಿಲು ತಾಳುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಮುಂದಿನ ಜಾಲರಿ ಅಲ್ಯುಮಿನಿಯಂನದೇ, ಗೋಡೆಗೆ ಹಿಡಿಸುವ ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಎಂದು ಕೇಳಿ ನೋಡಬೇಕು. ಕರಾವಳಿಯಲ್ಲಿ ಮೊದಲು ಕೈಕೊಡುವುದು ಸ್ಪೀಕರಲ್ಲ, ಅದನ್ನು ಹಿಡಿದಿಟ್ಟ ಕಬ್ಬಿಣದ ಬ್ರಾಕೆಟ್. ಹಿಂಬದಿಯಲ್ಲಿ ಗಾಳಿಗಂಡಿ ತೆರೆದಿರುವ ಸ್ಪೀಕರಾದರೆ ಅದಕ್ಕೆ ಸಣ್ಣ ಕಣ್ಣಿನ ಬಲೆ ಕಟ್ಟದಿದ್ದಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿಕೊಳ್ಳುತ್ತದೆ. ಹಲ್ಲಿ, ಇರುವೆಗಳ ಸಂಸಾರವನ್ನು ಬೇರೆ ಹೇಳಬೇಕಿಲ್ಲ. ಇವುಗಳ ವಿರುದ್ಧ ಯಾವ ವಾರಂಟಿಯೂ ಇದ್ದಂತಿಲ್ಲ.

ಇದೇ ಕಾರಣದಿಂದ, ತಂತಿಯ ಕಿರಿಕಿರಿ ಇದ್ದರೂ, ಆಂಪ್ಲಿಫೈಯರನ್ನು ಮನೆಯೊಳಗಿಟ್ಟು ಬರಿಯ ಸ್ಪೀಕರನ್ನು ಹೊರಗಿಡುವ ಹಳೆಯ ಪದ್ಧತಿಯೇ ಜಗಲಿಗೆ ಹೆಚ್ಚು ಸೂಕ್ತವೆಂದು ನಾನು ಭಾವಿಸುತ್ತೇನೆ. ಹೊರಗೆ ಉಳಿಯುವುದು ಸುರುಳಿ, ಅಯಸ್ಕಾಂತ, ಕೋನ್ ಮಾತ್ರ. ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ, ಕೆಟ್ಟರೂ ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯಲ್ಲಿ ಕೋನ್ ಬದಲಿಸಿ ಕೊಡುತ್ತಾರೆ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 10 ಮೀಟರ್ ಎಳೆದರೆ ಹೋಗಿಬರುವ ದಾರಿಯ ರೋಧ ಸುಮಾರು ಕಾಲು ಓಮ್. 8 ಓಮಿನ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಬೆಲೆಬಾಳುವ "ಸ್ಪೀಕರ್ ಕೇಬಲ್" ಬೇಕೆಂಬ ಅಂಗಡಿಯವರ ಮಾತನ್ನು ಕೇಳಬೇಕಿಲ್ಲ. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಒಂದೇ ಬದಿಗೆ ಕಟ್ಟಿದರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್. ಅದನ್ನು ತಾಳುತ್ತದೆಯೇ ಎಂದು ಅದರ ಹಿಂಬದಿಯ ಬರಹವನ್ನು ಓದಿಯೇ ಕಟ್ಟಬೇಕು. ಹೊಸ ಮನೆ ಕಟ್ಟಿಸುವವರು ಗಾರೆ ಮೆತ್ತುವ ಮೊದಲೇ ಒಳಕೋಣೆಯಿಂದ ಜಗಲಿಯ ಎರಡೂ ಕೊನೆಗೆ ಒಂದೊಂದು ಪಿವಿಸಿ ಕೊಳವೆಯನ್ನು, ವಿದ್ಯುತ್ ತಂತಿಯ ಕೊಳವೆಯಿಂದ ಬೇರೆಯಾಗಿ, ಹುಗಿಸಿಟ್ಟುಕೊಂಡರೆ ಮುಂದೆ ಗೋಡೆ ಒಡೆಯುವ ಪ್ರಮೇಯ ಬರುವುದಿಲ್ಲ. ಜಗಲಿಯಲ್ಲಿ ಪ್ಲಗ್ ಪಾಯಿಂಟ್ ಇಡುವುದಾದರೆ ಮುಚ್ಚಳವಿರುವುದನ್ನು ಹಾಕಿಸಿ, ಆ ಲೈನು, ವಿದ್ಯುತ್ ಸೋರಿದರೆ ತಾನಾಗಿ ಕಡಿದುಹೋಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚಿನ ರಕ್ಷಣೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಬ್ಲೂಟೂತ್ ಸ್ಪೀಕರನ್ನು ನಾನು ಹೀಗಳೆಯುವುದಿಲ್ಲ. ಬಾಡಿಗೆ ಮನೆಯವರಿಗೆ ಅದೇ ಸರಿ, ಕರೆಂಟು ಹೋದ ಸಂಜೆಗಳಲ್ಲಿ ಅದೊಂದೇ ಗತಿ. ಮಳೆ ಬಂದರೆ ಒಳಗೆ ಎತ್ತಿಕೊಂಡು ಹೋಗಬಹುದಾದ್ದರಿಂದ ಮೇಲೆ ಹೇಳಿದ ಚಿಂತೆಗಳಲ್ಲಿ ಅರ್ಧ ಅದಕ್ಕೆ ತಾಕುವುದಿಲ್ಲ. ಆದರೆ ಒಳಗಿನ ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ಚಾರ್ಜ್ ಆಗುವಷ್ಟರಲ್ಲಿ ಸೊರಗುತ್ತದೆ, ಬಿಸಿಲಿಗಿಟ್ಟರೆ ಇನ್ನೂ ಬೇಗ. ಅನೇಕ ಮಾದರಿಗಳಲ್ಲಿ ಅದನ್ನು ಬದಲಿಸುವ ದಾರಿಯನ್ನೇ ತಯಾರಕರು ಇಟ್ಟಿರುವುದಿಲ್ಲ. ಬ್ಯಾಟರಿ ಬದಲಿಸಬಹುದೇ ಎಂಬ ಕಾಲಂ ಒಂದು ತಮ್ಮ ಕೋಷ್ಟಕದಲ್ಲಿ ಇದ್ದಿದ್ದರೆ ಎಷ್ಟೋ ಓದುಗರ ಹಣ ಉಳಿಯುತ್ತಿತ್ತು.

ಆರಿಸುವ ವಿಧಾನದ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸ್ಪೀಕರ್ ತೋರಿಸುವಾಗ ಅವರು ಹಾಕುವುದು ಬಾಸ್ ತುಂಬಿದ ಸಿನಿಮಾ ಹಾಡನ್ನು, ಅದೂ ಪೂರ್ತಿ ಜೋರಾಗಿ. ಅದರಿಂದ ತಿಳಿಯುವುದು ಏನೂ ಇಲ್ಲ. ನಮ್ಮ ಕಡೆ ಜಗಲಿಯಲ್ಲಿ ಕೇಳುವುದರಲ್ಲಿ ಅರ್ಧದಷ್ಟು ಮಾತು: ಆಕಾಶವಾಣಿಯ ವಾರ್ತೆ, ಕೃಷಿರಂಗ, ತಾಳಮದ್ದಳೆಯ ಧ್ವನಿಮುದ್ರಣ. ಅರ್ಥಧಾರಿಗಳ ವಾದ–ಪ್ರತಿವಾದದಲ್ಲಿ ಒಂದು ಪದ ಮಸುಕಾದರೆ ಇಡೀ ಪ್ರಸಂಗದ ಕೊಂಡಿ ತಪ್ಪುತ್ತದೆ. ಆದ್ದರಿಂದ ತಮ್ಮದೇ ಮೊಬೈಲಿನಲ್ಲಿ ಗೊತ್ತಿರುವ ಒಂದು ತಾಳಮದ್ದಳೆಯನ್ನೋ ವಾರ್ತೆಯನ್ನೋ ಒಯ್ದು, ಪಕ್ಕದವರೊಡನೆ ಮಾತಾಡಲು ಅಡ್ಡಿಯಾಗದಷ್ಟು ಕಡಿಮೆ ಸದ್ದಿನಲ್ಲಿ, ಸ್ಪೀಕರಿನ ಎದುರಿಗಲ್ಲದೆ ಓರೆಯಾಗಿ ನಿಂತು ಕೇಳಬೇಕು. ಸಕಾರ–ಶಕಾರ ಬೇರೆಬೇರೆಯಾಗಿ ಕೇಳಿದರೆ ಆ ಸ್ಪೀಕರನ್ನು ನಂಬಬಹುದು. ಸ್ಪಷ್ಟ ಮಾತು ಕೊಡುವ ಸ್ಪೀಕರ್ ಮಲ್ಲಿಕಾರ್ಜುನ ಮನ್ಸೂರರ ಖಯಾಲ್ ಗಾಯನವನ್ನು ಕೆಡಿಸುವುದಿಲ್ಲ. ಬಾಸ್‌ಗಾಗಿಯೇ ಮಾಡಿದ್ದು ಎರಡನ್ನೂ ಕೆಡಿಸುತ್ತದೆ. ಹೆಂಚಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ ಮಾತ್ರ ಯಾವ ಸ್ಪೀಕರೂ ಕೇಳದು. ಆಗ ಏರಿಸುವ ಬದಲು ಆರಿಸುವುದೇ ವಾಸಿ.

ರಾತ್ರಿ 10ರ ನಂತರದ ಮಾತನ್ನೂ ಲೇಖನ ಬಿಟ್ಟಿದೆ. ಧ್ವನಿವರ್ಧಕವನ್ನಾಗಲಿ ಬೇರೆ ಧ್ವನಿ ಉಪಕರಣವನ್ನಾಗಲಿ ಆ ಹೊತ್ತಿನಲ್ಲಿ ಮುಚ್ಚಿದ ಆವರಣದ ಹೊರಗೆ ಬಳಸುವಂತಿಲ್ಲ ಎನ್ನುತ್ತವೆ ನಿಯಮಗಳು. ಮೂರು ಕಡೆ ತೆರೆದ ಜಗಲಿಯನ್ನು ಮುಚ್ಚಿದ ಆವರಣವೆಂದು ವಾದಿಸುವುದು ಕಷ್ಟ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳಿಂದ 100 ಮೀಟರ್ ಒಳಗೆ ಘೋಷಿತವಾದ ನಿಶ್ಶಬ್ದ ವಲಯದಲ್ಲಿ ಮನೆ ಇರುವವರಿಗೆ ಹಗಲಿನ ಮಿತಿಯೂ 50 ಡೆಸಿಬಲ್‌ಗೆ ಇಳಿಯುತ್ತದೆ. ಮೊಬೈಲಿನಲ್ಲಿ ಸಿಗುವ ಉಚಿತ ಡೆಸಿಬಲ್ ಮಾಪಕಗಳು ಪೂರ್ತಿ ಕರಾರುವಾಕ್ಕಲ್ಲವಾದರೂ, ಕೊಂಡ ಮೊದಲ ದಿನ ಬೇಲಿಯ ಬಳಿ ನಿಂತು ಅಂದಾಜು ನೋಡಿ, ಆ ಸದ್ದಿಗೆ ತಿರುಗಣೆ ಎಲ್ಲಿದೆಯೆಂದು ಗುರುತು ಹಾಕಿಡಲು ಸಾಕು.

ಮುಂದಿನ ಪುರವಣಿಯಲ್ಲಿ ಇಂಥ ಕೋಷ್ಟಕ ಪ್ರಕಟಿಸುವಾಗ ವ್ಯಾಟ್‌ನ ಕಾಲಂ ಅನ್ನು ಬಲತುದಿಗೆ ಸರಿಸಿ, ಅದರಲ್ಲಿ ಆರ್‌ಎಂಎಸ್ ಅಂಕಿಯನ್ನಷ್ಟೇ ಕೊಟ್ಟು, ಎಡಗಡೆಗೆ ಸೆನ್ಸಿಟಿವಿಟಿ, ಐಪಿ ಅಂಕಿ, ಕೋನ್ ಮತ್ತು ಅಂಚಿನ ವಸ್ತು, ಬ್ಯಾಟರಿ ಬದಲಿಸುವ ಅವಕಾಶ, ಇವಿಷ್ಟನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ. ಯಾವ ತಯಾರಕರು ಈ ವಿವರಗಳನ್ನು ಕೊಡುವುದಿಲ್ಲವೋ ಅವರ ಸಾಲಿನಲ್ಲಿ ಕೋಷ್ಟಕದ ಆ ಮನೆಗಳನ್ನು ಖಾಲಿಯಾಗಿಯೇ ಅಚ್ಚು ಹಾಕಿ.

ಇಂತಿ ತಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು